ಪೈಪ್ ಹಿಡಿಯುವಂತಿಲ್ಲ: ಹಳೆಯ ಪದ್ಮಿನಿಯನ್ನು ಒಂದು ಬಕೆಟ್ ನೀರಿನಲ್ಲಿ ಸ್ವಚ್ಛಗೊಳಿಸುವುದು ಹೇಗೆ?

ವಿಜಯನಗರದ ಪದ್ಮಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತೆಗೆದುಕೊಂಡ ಗಾಡಿ, ಕಡುಗೆಂಪು ಬಣ್ಣ. ಬಾನೆಟ್‌ಗೂ ಬಲಗಡೆಯ ಬಾಗಿಲುಗಳಿಗೂ ಒಮ್ಮೆ ಮರುಬಣ್ಣ ಆಗಿದೆ, ಮಿಕ್ಕಿದ್ದು ಕಂಪನಿಯಿಂದ ಬಂದ ಬಣ್ಣವೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದರಲ್ಲ, ಆಗ ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಪಾರ್ಕಿಂಗ್‌ನ ನಲ್ಲಿಗೆ ಬೀಗ ಹಾಕಿದರು. ಆ ಬೀಗ ಇನ್ನೂ ಹಾಗೆಯೇ ಇದೆ. ತೆಗೆಯಿರಿ ಎಂದು ನಾನು ಕೇಳುವುದೂ ಇಲ್ಲ. ಟ್ಯಾಂಕರ್ ನೀರಿಗೆ ಎಲ್ಲರೂ ಹಣ ಕೊಡುತ್ತಿರುವಾಗ ಪೈಪ್ ಹಿಡಿದು ಕಾರು ತೊಳೆಯುವ ಮನಸ್ಸು ನನಗಿಲ್ಲ.

ಕಷ್ಟ ಏನೆಂದರೆ, ಮನೆಯ ಎದುರು ವೈಟ್‌ಟಾಪಿಂಗ್, ಅಂದರೆ ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ ನಡೆಯುತ್ತಿದೆ. ಸಂಜೆ ಒರೆಸಿದರೆ ಬೆಳಿಗ್ಗೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಕಾರು ಒರೆಸಲು ಬರುವ ಹುಡುಗ ಒಂದೇ ಬಟ್ಟೆಯಲ್ಲಿ ಸಾಲಾಗಿ ನಿಂತ ಎಲ್ಲ ಕಾರುಗಳನ್ನೂ ಒರೆಸುತ್ತಾನೆ, ಹಾಗಾಗಿ ನಮ್ಮದನ್ನು ಮುಟ್ಟಬೇಡ ಎಂದಿದ್ದೇನೆ. ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಕೆಂಪು ಹತ್ತುತ್ತದೆ, ಬಿಸಿಲಿಗೆ ನಿಲ್ಲಿಸಿದರೆ ಸುತ್ತು ಸುತ್ತಾಗಿ ಗೀರುಗಳು ಕಾಣುತ್ತವೆ. ಒಂದು ಬಕೆಟ್ ನೀರಿನಲ್ಲಿ ಬಣ್ಣ ಕೆಡದಂತೆ ಮಾಡುವುದು ಸಾಧ್ಯವೇ? ಅಥವಾ ತಿಂಗಳಿಗೊಮ್ಮೆ ಹೊರಗಿನ ವಾಶಿಂಗ್ ಸೆಂಟರ್‌ಗೆ ಒಯ್ಯುವುದೇ ಒಳ್ಳೆಯದೇ?

ಮೈಸೂರು ಅಂಬಿ

ವಾಶಿಂಗ್ ಸೆಂಟರ್‌ಗೆ ಮಾತ್ರ ಬೇಡ. ವಿವರವಾಗಿ ರಾತ್ರಿ ಬರೆಯುತ್ತೇನೆ.

ಟಿಡಿಎಸ್ ಮೀಟರ್

ಸಾಧ್ಯ. ನೀರು ಎಷ್ಟು ಎನ್ನುವುದಕ್ಕಿಂತ ಎಂಥ ನೀರು ಎನ್ನುವುದು ಮುಖ್ಯ. ನಿಮ್ಮದು ಕೊಳವೆಬಾವಿಯ ಟ್ಯಾಂಕರ್ ನೀರೇ?

ವಿಜಯನಗರದ ಪದ್ಮಿನಿ

ಹೌದು, ಹೆಚ್ಚಿನ ದಿನ ಅದೇ. ಸ್ನಾನದ ಮನೆಯ ನಲ್ಲಿಗಳೆಲ್ಲ ಬಿಳಿ ಕಟ್ಟಿವೆ.

ಕಡಲೂರಿನವ

ಕುಡಿಯುವ ನೀರಿಗೆ ಜನ ಕೊಡ ಹಿಡಿದು ನಿಂತಿರುವಾಗ ನಲವತ್ತು ವರ್ಷದ ಕಾರಿನ ಹೊಳಪಿನ ಚಿಂತೆಯೇ? ಬೇಸರ ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು ಅನ್ನಿಸಿತು.

ವಿಜಯನಗರದ ಪದ್ಮಿನಿ

ಬೇಸರವಿಲ್ಲ. ಆ ಕಾರಣಕ್ಕೇ ಒಂದು ಬಕೆಟ್‌ನಲ್ಲಿ ಆಗುತ್ತದೆಯೇ ಎಂದು ಕೇಳುತ್ತಿದ್ದೇನೆ. ಇದು ಅಪ್ಪನ ಕಾರು, ತುಕ್ಕು ಹಿಡಿಯಲು ಬಿಡುವುದು ನನ್ನಿಂದಾಗದು.

ಮೈಸೂರು ಅಂಬಿ

ಮೇಡಂ, ಬಟ್ಟೆಗೆ ಹತ್ತುವ ಕೆಂಪಿನಿಂದ ಶುರು ಮಾಡುತ್ತೇನೆ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಉಜ್ಜಿದರೆ ಸವೆಯುವುದು ಅದು. ನಿಮ್ಮ ಪದ್ಮಿನಿಯ ಮೂಲ ಬಣ್ಣಕ್ಕೆ ಆ ಹೊದಿಕೆ ಇಲ್ಲ. ಬಿಸಿಲಿಗೆ ಮೇಲಿನ ಪದರ ಸತ್ತು ಪುಡಿಯಾಗುತ್ತದೆ, ಬಟ್ಟೆಗೆ ಬರುವುದು ಆ ಪುಡಿ. ಕೆಂಪು ಬಣ್ಣದಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ, ಮೊದಲು ಮಂಕು, ಆಮೇಲೆ ಗುಲಾಬಿಯಂಥ ಛಾಯೆ. ಅಂದರೆ ನೀವು ಉಜ್ಜಿದಷ್ಟೂ ಬಣ್ಣವೇ ತೆಳ್ಳಗಾಗುತ್ತಿದೆ. ಬಾನೆಟ್ ಒರೆಸಿದಾಗ ಬಟ್ಟೆ ಕೆಂಪಾಗದಿದ್ದರೆ ಅಲ್ಲಿ ಮರುಬಣ್ಣದವರು ಕ್ಲಿಯರ್ ಕೋಟ್ ಹೊಡೆದಿರಬಹುದು. ಬಾಗಿಲು ತೆರೆದಾಗ ಕಾಣುವ ಒಳ ಅಂಚಿನಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಮೆಲ್ಲಗೆ ಉಜ್ಜಿ ನೋಡಿ, ಯಾವ ಫಲಕಕ್ಕೆ ಯಾವ ಬಣ್ಣ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ನೀರಿನ ಮಾತು. ಪೈಪ್ ಇಲ್ಲ ಎಂದು ಕೊರಗಬೇಡಿ. ಹಳೆಯ ಕಾರಿಗೆ ಪೈಪ್ ಬೇಡವೇ ಬೇಡ ಎನ್ನುವವನು ನಾನು. ಪದ್ಮಿನಿಯ ಕಿಟಕಿ ಗಾಜಿನ ಬುಡದ ರಬ್ಬರ್ ಇಷ್ಟು ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಪೈಪ್ ಹಿಡಿದರೆ ಆ ಸಂದಿಯಿಂದ ನೀರು ನೇರವಾಗಿ ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ, ಆದರೆ ಧೂಳು ಮತ್ತು ಹಳೆಯ ಗ್ರೀಸ್ ಸೇರಿ ಅವು ಮುಚ್ಚಿಹೋಗಿರುತ್ತವೆ. ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ತಗಡು ಜಾಳಾಗಿರುತ್ತದೆ. ಬಾಗಿಲ ಕೆಳಗಿನ ಸಿಲ್, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಕಾಲಿಡುವ ಜಾಗದ ತಗಡು, ಇವೆಲ್ಲದರ ಕಥೆಯೂ ಹೀಗೆಯೇ. ವಾಶಿಂಗ್ ಸೆಂಟರ್‌ನ ಒತ್ತಡದ ನೀರು ಬಿದ್ದರೆ ಬಿರುಕು ಬಿಟ್ಟ ಬಣ್ಣದ ಚಕ್ಕೆಯೂ ಏಳುತ್ತದೆ, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಗಾಡಿ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಕಡಿಮೆ ನೀರಿನಲ್ಲಿ ಮಾಡುವುದು ಅನಿವಾರ್ಯಕ್ಕೆ ಒಪ್ಪಿಕೊಂಡ ದಾರಿ ಎಂದುಕೊಳ್ಳಬೇಡಿ. ಈ ವಯಸ್ಸಿನ ಗಾಡಿಗೆ ಸರಿಯಾದ ದಾರಿಯೇ ಅದು. ಷರತ್ತು ಒಂದೇ: ಧೂಳನ್ನು ಎತ್ತಬೇಕು, ಎಳೆಯಬಾರದು.

ಬಂದರು ರಸ್ತೆ

ಮೈಸೂರಿನಲ್ಲಿ ಕುಳಿತು ಹೀಗೆ ಹೇಳುವುದು ಸುಲಭ, ಅಂಬಿಯವರೇ. ಮಂಗಳೂರಿಗೆ ಬನ್ನಿ. ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ಮಳೆಗಾಲದಲ್ಲಿ ಚಕ್ರದ ಕಮಾನಿನೊಳಗೆ ಮೆತ್ತಿಕೊಂಡ ಕೆಸರು ಆ ಉಪ್ಪಿನ ಜೊತೆ ತೇವ ಹಿಡಿದು ಕೂರುತ್ತದೆ. ಅದನ್ನು ಸ್ಪ್ರೇ ಬಾಟಲಿಯಿಂದ ತೆಗೆಯುತ್ತೀರಾ? ತಳಕ್ಕೆ ಧಾರಾಳ ನೀರು ಬಿಡದಿದ್ದರೆ ಐದಾರು ಮಳೆಗಾಲದಲ್ಲಿ ಕಾರು ಗುಜರಿಗೆ ಹೋಗುತ್ತದೆ. ನೀರೇ ಶತ್ರು ಎಂಬ ನಿಮ್ಮ ಮಾತು ಪೂರ್ತಿ ತಪ್ಪು.

ಮೈಸೂರು ಅಂಬಿ

ನೀರೇ ಶತ್ರು ಎಂದು ನಾನು ಬರೆದಿಲ್ಲ, ಮತ್ತೊಮ್ಮೆ ಓದಿ. ಒಳಗೆ ನಿಂತ ನೀರು ಶತ್ರು.

ಬಂದರು ರಸ್ತೆ

ಒಳಗೆ ನಿಂತ ಕೆಸರು ಅದಕ್ಕಿಂತ ದೊಡ್ಡ ಶತ್ರು. ಕೆಸರು ಹೋಗಬೇಕಾದರೆ ನೀರು ಬೇಕು.

ಕಾಫಿತೋಟದ ಜೀಪ್

ಕೊಡಗಿನಲ್ಲಿ ನಾವು ಚಕ್ರದ ಕಮಾನಿನ ಕೆಸರನ್ನು ಒಣಗಲು ಬಿಡುವುದೇ ಇಲ್ಲ. ಒದ್ದೆ ಇರುವಾಗಲೇ ಮರದ ಚಕ್ಕೆಯಿಂದ ಕೆರೆದರೆ ಮುಕ್ಕಾಲು ಪಾಲು ಬೀಳುತ್ತದೆ. ಉಳಿದದ್ದಕ್ಕೆ ಎರಡು ಚೊಂಬು ನೀರು ಸಾಕು. ಒಣಗಿದ ಮೇಲೆ ಕೈಹಾಕಿದರೆ ಮಾತ್ರ ಟ್ಯಾಂಕ್ ಖಾಲಿ ಆಗುತ್ತದೆ.

ಎರೆಮಣ್ಣು

ನಮ್ಮ ಗದಗದ ಕಡೆ ಎರೆಮಣ್ಣು ಒದ್ದೆ ಇರುವಾಗ ಮುಟ್ಟಿದರೆ ಇನ್ನಷ್ಟು ಅಂಟುತ್ತದೆ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ತಟ್ಟಿದರೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಮಣ್ಣಿಗೆ ತಕ್ಕ ಉಪಾಯ.

ಕಾಫಿತೋಟದ ಜೀಪ್

ಇರಬಹುದು. ನಮ್ಮದು ಕೆಂಪು ಮಣ್ಣು.

ಟಿಡಿಎಸ್ ಮೀಟರ್

ಒಬ್ಬರು ಏರಿಗೆ, ಒಬ್ಬರು ನೀರಿಗೆ ಎಳೆಯುತ್ತಿದ್ದೀರಿ. ಮೇಡಂ ಕೇಳಿದ್ದು ಬೆಂಗಳೂರಿನ ಧೂಳಿನ ಬಗ್ಗೆ, ಅಲ್ಲಿಗೇ ಬರೋಣ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಕರಗಿದ ಘನವಸ್ತು, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೂ ಒಪ್ಪಬಹುದು. ಆ ಒಳ್ಳೆಯ ನೀರಿನಲ್ಲೂ ಒಂದು ಲೀಟರ್ ಕಾರಿನ ಮೇಲೆ ಒಣಗಿದರೆ ಅರ್ಧ ಗ್ರಾಂ ಲವಣ ಅಲ್ಲೇ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ನಲ್ಲಿಗೆ ಕಟ್ಟಿದ ಬಿಳಿಯೇ ಕಾರಿನ ಮೇಲೂ ಕಟ್ಟುತ್ತದೆ. ಕ್ಲಿಯರ್ ಕೋಟ್ ಇಲ್ಲದ ಬಣ್ಣದಲ್ಲಿ ಆ ಕಲೆ ತೆಗೆಯಲು ಉಜ್ಜಬೇಕು, ಉಜ್ಜಿದರೆ ಬಣ್ಣ ಹೋಗುತ್ತದೆ. ಹೆಚ್ಚು ನೀರು ಸುರಿದಷ್ಟೂ ಒಣಗಲು ಹೆಚ್ಚು ನೀರು ಉಳಿಯುತ್ತದೆ. ಈ ಒಂದು ವಿಷಯದಲ್ಲಿ ನಾನು ಅಂಬಿಯವರ ಕಡೆ.

ಆರ್‌ಒ ಬಳಕೆದಾರ

ಹಾಗಾದರೆ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಬಳಸಬಹುದಲ್ಲ? ಹೇಗೂ ಚರಂಡಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಹಲವರು ಅದರಲ್ಲೇ ಕಾರು ತೊಳೆಯುತ್ತಾರೆ.

ಟಿಡಿಎಸ್ ಮೀಟರ್

ಬಣ್ಣಕ್ಕೆ ಬೇಡ. ಆರ್‌ಒ ಶುದ್ಧ ನೀರನ್ನು ಒಂದು ಕಡೆ ಕಳಿಸಿ ಲವಣವನ್ನೆಲ್ಲ ಮತ್ತೊಂದು ಕಡೆ ಕೂಡಿಹಾಕುತ್ತದೆ. ಒಳಗೆ ಹೋದ ನೀರಿನ ಅರ್ಧ ಹೊರಗೆ ಬಂದರೆ ಅದರ ಲವಣ ಹತ್ತಿರಹತ್ತಿರ ಎರಡು ಪಟ್ಟು. ಟೈರ್‌ಗೆ, ಮನೆಯ ಮುಂದಿನ ನೆಲಕ್ಕೆ ಬಳಸಿ. ಕಾರಿಗೆ ಬೇಕಾದದ್ದು ಇದರ ವಿರುದ್ಧದ್ದು: ಎಸಿಯಿಂದ ತೊಟ್ಟಿಕ್ಕುವ ನೀರು. ಅದು ಗಾಳಿಯ ತೇವ ತಣಿದು ಆದದ್ದು, ಲವಣ ಬಹುತೇಕ ಇಲ್ಲ. ಹಳೆಯ ಬಟ್ಟೆಯಲ್ಲಿ ಸೋಸಿ ಅಂದೇ ಬಳಸಿ, ದಿನಗಟ್ಟಲೆ ಇಟ್ಟರೆ ಸೊಳ್ಳೆ ಮತ್ತು ವಾಸನೆ. ಮಳೆನೀರೂ ಒಳ್ಳೆಯದು. ಮೊದಲ ಮಳೆಯ ನೀರು ಬಿಟ್ಟು ಆಮೇಲಿನದನ್ನು ಹಿಡಿಯಿರಿ, ತಾರಸಿಯ ಧೂಳೆಲ್ಲ ಮೊದಲ ನೀರಿನಲ್ಲೇ ಹೋಗಿರುತ್ತದೆ.

ಸಂಘದ ಕಾರ್ಯದರ್ಶಿ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬಳಸಿದ ನೀರನ್ನು ಸಂಸ್ಕರಿಸುವ ಘಟಕ ಇದೆ. ಕಾರು ತೊಳೆಯಲು ಅದನ್ನೇ ಕೊಡುತ್ತೇವೆ. ಯಾರಿಗೂ ತೊಂದರೆ ಆಗಿಲ್ಲ.

ಟಿಡಿಎಸ್ ಮೀಟರ್

ಹೊಸ ಕಾರುಗಳಿಗೆ, ತಕ್ಷಣ ಒರೆಸಿ ಒಣಗಿಸಿದರೆ, ನಡೆಯುತ್ತದೆ. ಸಂಸ್ಕರಿಸಿದ ನೀರಿನಲ್ಲಿ ಲವಣ ಹಾಗೇ ಉಳಿದಿರುತ್ತದೆ, ಕ್ಲೋರಿನ್ ಸೇರಿಸಿರುತ್ತಾರೆ. ಹಳೆಯ ಕ್ರೋಮಿನ ಮೇಲೆ ನಾನು ಹಾಕಲಾರೆ.

ಬಂದರು ರಸ್ತೆ

ತಳ ತೊಳೆಯಲು ಹಾಕಬಹುದೇ?

ಟಿಡಿಎಸ್ ಮೀಟರ್

ಉಪ್ಪು ತೆಗೆಯಲು ಲವಣದ ನೀರು ಬೇಡ. ನಿಮ್ಮೂರಿನ ಮಳೆನೀರಿಗಿಂತ ಒಳ್ಳೆಯದು ಬೇರೆ ಎಲ್ಲಿದೆ? ಒಂದು ಡ್ರಮ್ ಇಟ್ಟರೆ ತುಂಬುತ್ತದೆ.

ಬಂದರು ರಸ್ತೆ

ಇದನ್ನು ಒಪ್ಪಿದೆ. ನಲ್ಲಿ ನೀರೇ ಆಗಬೇಕೆಂದು ನಾನೂ ಹೇಳಿರಲಿಲ್ಲ.

ನಿವೃತ್ತ ಸಾರಥಿ

ತಾಯಿ, ನಾನು ಸರ್ಕಾರಿ ಇಲಾಖೆಯಲ್ಲಿ ಅಂಬಾಸಿಡರ್ ಓಡಿಸಿ ನಿವೃತ್ತನಾದವನು. ಬಿಳಿ ಗಾಡಿ. ಸಾಹೇಬರು ಹೊರಡುವುದಕ್ಕೆ ಮೊದಲು ದಿನವೂ ಸ್ವಚ್ಛ ಆಗಬೇಕಿತ್ತು, ಕಚೇರಿಯ ಹಿತ್ತಲಲ್ಲಿ ಸಿಗುತ್ತಿದ್ದದ್ದು ಅರ್ಧ ಬಕೆಟ್ ನೀರು. ಒಣ ಧೂಳಿನ ಮೇಲೆ ಬಟ್ಟೆ ಇಡುತ್ತಿರಲಿಲ್ಲ. ಮೊದಲು ಕೈಯಿಂದ ನೀರು ಚಿಮುಕಿಸಿ, ಬೀಡಿ ಸೇದುವಷ್ಟು ಹೊತ್ತು ಬಿಡುತ್ತಿದ್ದೆವು. ಆಮೇಲೆ ನೆನೆಸಿ ಹಿಂಡಿದ ಶಾಮಿ, ಅಂದರೆ ನೀರು ಹೀರುವ ಮೆದು ಚರ್ಮವನ್ನು ಎರಡೂ ಕೈಯಲ್ಲಿ ಅಗಲವಾಗಿ ಹರಡಿ ತನ್ನತ್ತ ಎಳೆಯುವುದು. ಒತ್ತುವುದಿಲ್ಲ, ಗುಂಡಗೆ ತಿರುಗಿಸುವುದಿಲ್ಲ. ಒಂದು ಎಳೆತ, ಒಂದು ಜಾಲಿಸು. ಛಾವಣಿಯಿಂದ ಶುರುವಾಗಿ ಬಾಗಿಲ ಅರ್ಧದವರೆಗೆ ಶಾಮಿ. ಅರ್ಧದಿಂದ ಕೆಳಗೆ ಬೇರೆ ಬಟ್ಟೆ. ಕೆಳಗಿನ ಬಟ್ಟೆ ಮೇಲಕ್ಕೆ ಹೋದರೆ ಹಿರಿಯ ಚಾಲಕರು ಕಿವಿ ಹಿಂಡುತ್ತಿದ್ದರು.

ಈಗಿನವರು ಬಾಟಲಿಗೆ ಸಾವಿರ ರೂಪಾಯಿ ಕೊಡುವ ದ್ರಾವಣ ನಮಗೆ ಬೇಕಾಗಿರಲಿಲ್ಲ.

ಮೈಸೂರು ಅಂಬಿ

ಸಾರಥಿಯವರೇ, ನಿಮ್ಮ ಕೈಯ ಪದ್ಧತಿಗೆ ನಮಸ್ಕಾರ. ನೇರ ಎಳೆತ, ಮೇಲಿನಿಂದ ಕೆಳಗೆ, ಕೆಳಭಾಗಕ್ಕೆ ಬೇರೆ ಬಟ್ಟೆ, ಇವೆಲ್ಲ ಇವತ್ತಿಗೂ ಹಾಗೆಯೇ. ಆದರೆ ದಿನವೂ ಒರೆಸುವ ಗಾಡಿಯ ಮೇಲೆ ಒಂದು ದಿನದ ಮಣ್ಣು ಮಾತ್ರ ಇರುತ್ತದೆ. ಮೇಡಂ ಮನೆಯ ಎದುರು ಇರುವುದು ಕಾಂಕ್ರೀಟ್ ಕೊಯ್ದ ಧೂಳು. ಅದರಲ್ಲಿ ಗಟ್ಟಿ ಮರಳಿನ ಕಣ ಇದೆ, ಸಿಮೆಂಟೂ ಇದೆ. ಬರಿಯ ನೀರು ಚಿಮುಕಿಸಿದರೆ ಸಿಮೆಂಟ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ಹಾಗಾಗಿ ಇವರು ಮೊದಲು ಗಾಳಿ ಹಿಡಿಯಬೇಕು. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಕೈ ಬ್ಲೋವರ್ ಸಾಕು. ಛಾವಣಿಯಿಂದ ಹಿಡಿದು, ಗ್ರಿಲ್ಲಿನ ಸಂದಿ, ವೈಪರ್ ಬುಡ, ಗಾಜಿನ ಅಂಚಿನ ಬೀಡಿಂಗ್ ಪಟ್ಟಿ ಎಲ್ಲ ಊದಿಸಿ. ಮೂಗಿಗೆ ಮಾಸ್ಕ್ ಇರಲಿ. ಆಮೇಲೆ ರಿನ್ಸ್‌ಲೆಸ್ ದ್ರಾವಣ. ಆಪ್ಟಿಮಮ್ ನೋ ರಿನ್ಸ್ ಎಂಬುದು ಇದರಲ್ಲಿ ಹೆಸರು ಮಾಡಿದ್ದು, ಬೇರೆಯವೂ ಇವೆ. ಅಳತೆ 256 ಪಾಲು ನೀರಿಗೆ ಒಂದು ಪಾಲು, ಅಂದರೆ ನಾಲ್ಕು ಲೀಟರಿಗೆ 15–16 ಮಿಲಿ. ಸೋಪಿನ ಹಾಗೆ ನೊರೆ ಬರುವುದಿಲ್ಲ, ತೊಳೆದು ತೆಗೆಯಬೇಕಾಗಿಯೂ ಇಲ್ಲ. ಅದರೊಳಗಿನ ಪಾಲಿಮರ್ ಕಣವನ್ನು ಸುತ್ತಿಕೊಂಡು ಬಟ್ಟೆಗೂ ಬಣ್ಣಕ್ಕೂ ನಡುವೆ ಜಾರಿಕೆ ಕೊಡುತ್ತದೆ. ಗಿಡಗಳಿಗೆ ಔಷಧಿ ಹೊಡೆಯುವ ಎರಡು ಲೀಟರಿನ ಪಂಪ್ ಸ್ಪ್ರೇಯರ್‌ನಲ್ಲಿ ಅದೇ ನೀರು ತುಂಬಿ, ಒಂದೊಂದು ಫಲಕಕ್ಕೆ ಚೆನ್ನಾಗಿ ಹೊಡೆದು, ಎರಡು ಮೂರು ನಿಮಿಷ ಬಿಡಿ. ಗಾಡಿ ನೆರಳಿನಲ್ಲಿರಬೇಕು, ತಗಡು ಮುಟ್ಟಿದರೆ ತಣ್ಣಗಿರಬೇಕು.

ಬಕೆಟ್‌ನಲ್ಲಿ ನಾಲ್ಕು ಲೀಟರ್ ನೀರು, ಅದರಲ್ಲಿ ಏಳೆಂಟು ಮೈಕ್ರೋಫೈಬರ್ ಬಟ್ಟೆ ಮೊದಲೇ ಮುಳುಗಿಸಿಡಿ. ಒಂದು ಬಟ್ಟೆಯನ್ನು ಎರಡು ಸಲ ಮಡಿಸಿದರೆ ನಾಲ್ಕು ಪದರ, ಬಿಚ್ಚಿ ಮಗುಚಿದರೆ ಒಟ್ಟು ಎಂಟು ಮುಖ. ಒಂದು ಮುಖ, ಒಂದು ಎಳೆತ, ಮುಂದಿನ ಮುಖ. ಎಂಟೂ ಮುಗಿದರೆ ಆ ಬಟ್ಟೆ ಪಕ್ಕಕ್ಕೆ, ಮತ್ತೆ ಬಕೆಟ್‌ಗೆ ಅದ್ದಬಾರದು. ಹೀಗಾದರೆ ಬಕೆಟ್ ನೀರು ಕೊನೆಯವರೆಗೂ ತಿಳಿಯಾಗಿಯೇ ಇರುತ್ತದೆ. ಒಣ ಬಟ್ಟೆಯಿಂದ ತಕ್ಷಣ ತೇವ ಒತ್ತಿ ತೆಗೆಯಿರಿ. ಒಟ್ಟು ಆರು ಲೀಟರ್. ಪೈಪ್‌ನಲ್ಲಿ ನಿಮಿಷಕ್ಕೆ ಹತ್ತು ಹದಿನೈದು ಲೀಟರ್ ಸುಲಭವಾಗಿ ಹೋಗುತ್ತದೆ.

ಲೆಕ್ಕದ ಮೇಷ್ಟ್ರು

ಏಳೆಂಟು ಬಟ್ಟೆ ಒಗೆಯುವ ನೀರು ಎಲ್ಲಿ ಹೋಯಿತು? ಆ ಲೆಕ್ಕ ಯಾರೂ ಹೇಳುವುದಿಲ್ಲ.

ಮೈಸೂರು ಅಂಬಿ

ಸರಿಯಾದ ಪ್ರಶ್ನೆ. ಒಂದು ಬಕೆಟ್‌ನಲ್ಲಿ ನೆನೆಸಿ ಹಿಂಡಿ, ಇನ್ನೊಂದರಲ್ಲಿ ಜಾಲಿಸಿದರೆ ಸುಮಾರು ಇಪ್ಪತ್ತು ಲೀಟರ್. ಎಲ್ಲ ಸೇರಿ ಇಪ್ಪತ್ತಾರು ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ಪೈಪ್ ಹಿಡಿದರೆ ನೂರು ನೂರೈವತ್ತು.

ಲೆಕ್ಕದ ಮೇಷ್ಟ್ರು

ಈಗ ಲೆಕ್ಕ ಸರಿಹೋಯಿತು. ಆದರೆ ಶೀರ್ಷಿಕೆಯಲ್ಲಿ ಒಂದು ಬಕೆಟ್ ಎಂದಿದೆ.

ಟಿಡಿಎಸ್ ಮೀಟರ್

ಬಟ್ಟೆ ಒಗೆಯಲು ಆರ್‌ಒ ಹೊರನೀರು ಬಳಸಿ, ಕೊನೆಯ ಜಾಲಿಕೆಗೆ ಮಾತ್ರ ಒಳ್ಳೆಯ ನೀರು. ಹತ್ತಿ ಬಟ್ಟೆಗಳ ಜೊತೆ ಸೇರಿಸಬೇಡಿ, ಅದರ ನೂಲಿನ ಎಳೆ ಮೈಕ್ರೋಫೈಬರ್‌ಗೆ ಅಂಟುತ್ತದೆ. ಬಟ್ಟೆ ಮೆದುವಾಗಿಸುವ ದ್ರವ ಹಾಕಲೇಬೇಡಿ, ನೀರು ಹೀರುವ ಗುಣ ಹೋಗುತ್ತದೆ.

ಅಂಟುವಾಳದ ಮರ

ಬಾಟಲಿ ದ್ರಾವಣದ ಬದಲು ಅಂಟುವಾಳ ಏಕೆ ಬೇಡ? ನಮ್ಮಜ್ಜಿ ರೇಷ್ಮೆ ಸೀರೆಯನ್ನೇ ಅದರಲ್ಲಿ ಒಗೆಯುತ್ತಿದ್ದರು. ರೇಷ್ಮೆಯೇ ಕೆಡದಿದ್ದ ಮೇಲೆ ತಗಡು ಕೆಡುತ್ತದೆಯೇ?

ಟಿಡಿಎಸ್ ಮೀಟರ್

ಅಂಟುವಾಳದಲ್ಲಿ ಸೋಪಿನಂತೆ ನೊರೆ ಬರಿಸುವ ಸಪೋನಿನ್ ಇದೆ, ಕೊಳೆ ತೆಗೆಯುವುದು ನಿಜ. ಆದರೆ ಅದನ್ನು ಜಾಲಿಸಿ ತೆಗೆಯಬೇಕು. ಸೀರೆಯನ್ನು ಜಾಲಿಸುತ್ತಿದ್ದರಲ್ಲವೇ? ಕಾರನ್ನು ಜಾಲಿಸಲು ಮತ್ತೆ ಪೈಪ್ ಬೇಕು. ಹಾಗೇ ಬಿಟ್ಟರೆ ಅಂಟು ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಸೀಗೆಪುಡಿಯಂತೂ ಬೇಡವೇ ಬೇಡ, ನುಣ್ಣಗೆ ಕಂಡರೂ ಅದರ ಕಣ ಗೀರು ಹಾಕುತ್ತದೆ.

ಅಂಟುವಾಳದ ಮರ

ಬಟ್ಟೆ ಒಗೆಯಲು ಆಗಬಹುದು ತಾನೇ?

ಟಿಡಿಎಸ್ ಮೀಟರ್

ಧಾರಾಳವಾಗಿ.

ಹಾಸನದ ಹಿಂದೂಸ್ತಾನ್

ನಡುವೆ ಒಂದು ಮಾತು. ಆಯುಧಪೂಜೆ ಮುಗಿದ ಮೇಲೆ ನಮ್ಮ ಬಿಳಿ ಅಂಬಾಸಿಡರ್‌ನ ಬಾನೆಟ್ ಮೇಲೆ ಕುಂಕುಮದ ಕಲೆ ಉಳಿದುಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗುಲಾಬಿಯಾಗಿ ಹರಡುತ್ತದೆ. ಇದಕ್ಕೆ ಏನು ಮಾಡಬೇಕು? ಪೂಜೆ ಬಿಡಲು ಮನೆಯಲ್ಲಿ ಒಪ್ಪುವುದಿಲ್ಲ, ನನಗೂ ಇಷ್ಟವಿಲ್ಲ.

ನಿವೃತ್ತ ಸಾರಥಿ

ಪೂಜೆ ಬಿಡಬೇಡಿ. ಕುಂಕುಮವನ್ನು ಗಾಜಿಗೆ, ಇಲ್ಲವೇ ನಂಬರ್ ಪ್ಲೇಟಿಗೆ ಇಡಿ. ನಾವು ಹಾಗೆಯೇ ಮಾಡುತ್ತಿದ್ದೆವು.

ಮೈಸೂರು ಅಂಬಿ

ಅದೇ ಸರಿ. ಬಾನೆಟ್‌ಗೇ ಇಟ್ಟಿದ್ದರೆ, ಒಣಗಿದ ಪುಡಿಯನ್ನು ಮೊದಲು ಊದಿಸಿ ತೆಗೆಯಿರಿ, ನೀರು ಆಮೇಲೆ. ಈಗಿನ ಕುಂಕುಮದಲ್ಲಿ ಕೃತಕ ಬಣ್ಣವೇ ಹೆಚ್ಚು, ನೀರು ತಾಗಿದ ತಕ್ಷಣ ಕರಗಿ ಹೊದಿಕೆ ಇಲ್ಲದ ಬಣ್ಣದೊಳಗೆ ಇಳಿಯುತ್ತದೆ. ಪೂಜೆಗೆ ಒಂದೆರಡು ದಿನ ಮೊದಲು ವ್ಯಾಕ್ಸ್ ಹಚ್ಚಿದ್ದರೆ ಇಳಿಯುವುದು ಕಡಿಮೆ.

ಟಿಡಿಎಸ್ ಮೀಟರ್

ಅರಿಶಿನದ ಕಲೆಗೆ ಹೆದರಬೇಡಿ. ಅದರ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ. ಉಜ್ಜದೆ ಎರಡು ಮೂರು ದಿನ ಬಿಸಿಲಿನಲ್ಲಿ ನಿಲ್ಲಿಸಿ.

ಹಾಸನದ ಹಿಂದೂಸ್ತಾನ್

ಇದು ಗೊತ್ತಿರಲಿಲ್ಲ. ಕ್ರೋಮ್ ಬಂಪರ್ ಉಜ್ಜಲು ನಮ್ಮ ಮನೆಯಲ್ಲಿ ವಿಭೂತಿ ಬಳಸುತ್ತಾರೆ, ಬೆಳ್ಳಿ ದೀಪಕ್ಕೆ ಉಜ್ಜುವ ಅದೇ ವಿಭೂತಿ. ಸರಿಯೇ?

ಮೈಸೂರು ಅಂಬಿ

ಬೇಡ. ಕ್ರೋಮ್ ಎನ್ನುವುದು ನಿಕ್ಕಲ್ ಮೇಲೆ ಕೂತ ಬಹಳ ತೆಳುವಾದ ಲೇಪ. ಹುಣಸೆಹಣ್ಣೂ ಬೇಡ, ಹಿತ್ತಾಳೆಯ ಪಾಲಿಶ್ ಕೂಡ ಬೇಡ. ಚುಕ್ಕೆ ಚುಕ್ಕೆ ತುಕ್ಕು ಎದ್ದಿದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಅಲ್ಯುಮಿನಿಯಂ ಕ್ರೋಮ್‌ಗಿಂತ ಮೆದು, ತುಕ್ಕು ಮಾತ್ರ ಏಳುತ್ತದೆ. ಒಂದು ಲೋಟ ನೀರು ಸಾಕು. ಆಮೇಲೆ ಚೆನ್ನಾಗಿ ಒಣಗಿಸಿ ವ್ಯಾಕ್ಸ್.

ವಿಜಯನಗರದ ಪದ್ಮಿನಿ

ಎಷ್ಟೊಂದು ವಿಷಯ! ಎಲ್ಲರಿಗೂ ಕೃತಜ್ಞತೆಗಳು. ಈ ವಾರ ಬ್ಲೋವರ್ ತಂದೆವು. ಗ್ರಿಲ್ಲಿನ ಹಿಂದಿನಿಂದ ಎದ್ದ ಧೂಳು ನೋಡಿ ಅಮ್ಮ ಬೆರಗಾದರು. ಬಲಗಡೆಯ ಬಾಗಿಲುಗಳಲ್ಲಿ ಬಟ್ಟೆ ಕೆಂಪಾಗಲಿಲ್ಲ, ಎಡಗಡೆ ಆಯಿತು. ಬಾಗಿಲ ಕೆಳಗಿನ ತೂತುಗಳನ್ನು ಹುಡುಕಿದೆ. ಮುಂದಿನ ಎಡ ಬಾಗಿಲಿನಲ್ಲಿ ಒಂದೂ ತೆರೆದಿಲ್ಲ, ಕಪ್ಪು ಅಂಟು ಕಟ್ಟಿಕೊಂಡಿದೆ. ತಂತಿ ಹಾಕಿ ಚುಚ್ಚಲೇ?

ನಿವೃತ್ತ ಸಾರಥಿ

ತಂತಿ ಬೇಡ ತಾಯಿ, ತೂತಿನ ಅಂಚಿನ ಬಣ್ಣ ಕೆರೆದುಹೋಗಿ ಅಲ್ಲೇ ತುಕ್ಕು ಹಿಡಿಯುತ್ತದೆ. ತೆಂಗಿನಗರಿಯ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಳ್ಳಿ. ದಪ್ಪ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿರುಗಿಸುತ್ತಾ ಒಳಗೆ ಬಿಡಿ. ಅಂಟು ಕರಗುತ್ತದೆ, ಕಡ್ಡಿ ಬಾಗುತ್ತದೆ, ತಗಡಿಗೆ ಏನೂ ಆಗುವುದಿಲ್ಲ. ಕೆಳಗೆ ಹಳೆಯ ಪತ್ರಿಕೆ ಹಾಸಿರಿ.

ಬಂದರು ರಸ್ತೆ

ಸೀಮೆಎಣ್ಣೆ ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ, ಊದಿಕೊಳ್ಳುತ್ತದೆ. ಹಳೆಯ ಕಾಲದಲ್ಲಿ ನೀರಿಗೆ ಸೀಮೆಎಣ್ಣೆ ಬೆರೆಸಿ ಇಡೀ ಕಾರು ಒರೆಸುತ್ತಿದ್ದರು. ಆ ಕ್ಷಣಕ್ಕೆ ಹೊಳಪು, ಮರುದಿನಕ್ಕೆ ಎರಡು ಪಟ್ಟು ಧೂಳು.

ನಿವೃತ್ತ ಸಾರಥಿ

ಬಾಡಿಗೆ ಗಾಡಿಯವರು ಮಾಡುತ್ತಿದ್ದರು. ನಾವಲ್ಲ.

ಕವರ್ ಬೇಕೇ

ಇಷ್ಟೆಲ್ಲ ಕಷ್ಟಪಡುವ ಬದಲು ಒಂದು ಕವರ್ ಹಾಕಿ ಮುಚ್ಚಿದರೆ ಮುಗಿಯಿತಲ್ಲ?

ಮೈಸೂರು ಅಂಬಿ

ಧೂಳು ಕೂತ ಕಾರಿಗೆ ಕವರ್ ಎಳೆದರೆ ಅದೇ ಮರಳುಕಾಗದ. ಪ್ಲಾಸ್ಟಿಕ್ ಕವರ್ ಆದರೆ ಒಳಗೆ ಬೆವರು ಕಟ್ಟಿ ಬಣ್ಣ ಗುಳ್ಳೆ ಏಳುತ್ತದೆ. ಛಾವಣಿಯಡಿಯ ಜಾಗ, ಗಾಳಿಯಾಡುವ ಹತ್ತಿ ಕವರ್, ಸ್ವಚ್ಛಗೊಳಿಸಿದ ನಂತರವೇ ಹೊದಿಸುವುದು, ಈ ಮೂರೂ ಕೂಡಿದರೆ ಹಾಕಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದ್ದೀರಾ? ಸೂರಿನಡಿ ನಿಂತ ಗಾಡಿಗಳು, ಬಿಸಿಲೂ ಇಲ್ಲ, ಮಳೆಯೂ ಇಲ್ಲ.

ದುಬೈ ಕನ್ನಡಿಗ

ಇಲ್ಲಿನ ಮಾಲ್‌ಗಳ ಪಾರ್ಕಿಂಗ್‌ನಲ್ಲಿ ಕೈಗಾಡಿ ತಳ್ಳಿಕೊಂಡು ಬಂದು ಸ್ಪ್ರೇ ಬಾಟಲಿಯಲ್ಲೇ ಕಾರು ಸ್ವಚ್ಛ ಮಾಡಿಕೊಡುತ್ತಾರೆ. ಮರಳುಗಾಡಿನ ಧೂಳು, ಆದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ದಂಡ ಹಾಕಿದ ಮೇಲೂ ಜನ ಪೈಪ್ ಬಿಟ್ಟಿಲ್ಲವೇ?

ಸಂಘದ ಕಾರ್ಯದರ್ಶಿ

2024ರ ಮಾರ್ಚ್‌ನಲ್ಲಿ ಆದೇಶ ಬಂದ ಕೆಲವೇ ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ದಂಡ ವಸೂಲಿ ಮಾಡಿದ್ದರು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಹೊರಡಿಸಿದರು. 5,000 ರೂಪಾಯಿ, ಮತ್ತೆ ಮಾಡಿದರೆ ದಿನಕ್ಕೆ 500 ಹೆಚ್ಚುವರಿ. ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರುವ ಊರಿನಲ್ಲಿ ಇದು ಹೆಚ್ಚಿನದೇನಲ್ಲ ಎಂದು ನನ್ನ ಅಭಿಪ್ರಾಯ.

ಕಡಲೂರಿನವ

ಮೊದಲು ಆಕ್ಷೇಪ ಎತ್ತಿದವನು ನಾನು. ಆರು ಲೀಟರಿನ ವಿಧಾನಕ್ಕೆ ನನ್ನ ಆಕ್ಷೇಪವಿಲ್ಲ. ಇದನ್ನು ಹೊಸ ಕಾರಿನವರೂ ಓದಬೇಕು.

ಹೊಂಗೆ ನೆರಳು

ಹಕ್ಕಿಯ ಹಿಕ್ಕೆಗೆ ಏನು ಮಾಡುತ್ತೀರಿ? ನಮ್ಮ ರಸ್ತೆಯ ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಹೂವೂ ಬೀಳುತ್ತದೆ, ಹಿಕ್ಕೆಯೂ ಬೀಳುತ್ತದೆ.

ಮೈಸೂರು ಅಂಬಿ

ಕೆರೆಯಬೇಡಿ. ರಿನ್ಸ್‌ಲೆಸ್ ನೀರಿನಲ್ಲಿ ನೆನೆಸಿದ ಬಟ್ಟೆಯ ತುಂಡನ್ನು ಅದರ ಮೇಲೆ ಐದು ನಿಮಿಷ ಹೊದಿಸಿಡಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಅದರ ಆಮ್ಲ ಬಿಸಿಲಿನಲ್ಲಿ ಬಣ್ಣ ತಿನ್ನುತ್ತದೆ, ಅಂದೇ ತೆಗೆಯಬೇಕು. ಮರದ ಅಂಟಿಗೆ ಸ್ಪಿರಿಟ್ ಹಾಕಿ ಎಂದು ಹೇಳುವವರಿದ್ದಾರೆ. ಹಳೆಯ ಲ್ಯಾಕರ್ ಬಣ್ಣ ಅದಕ್ಕೆ ಮಂಕಾಗಬಹುದು, ಕಾಣದ ಮೂಲೆಯಲ್ಲಿ ಪರೀಕ್ಷಿಸದೆ ಹಾಕಬೇಡಿ.

ಪದ್ಮಿನಿಯವರಿಗೆ ಕೊನೆಯದಾಗಿ: ಎಡಗಡೆಯ ಮೂಲ ಬಣ್ಣಕ್ಕೆ ಬಣ್ಣ ಉಜ್ಜಿ ಸವೆಸುವ ಒರಟು ಪಾಲಿಶ್ (ಕಾಂಪೌಂಡ್) ಯಾರಿಂದಲೂ ಹಾಕಿಸಬೇಡಿ. ಎಣ್ಣೆಯ ಅಂಶ ಹೆಚ್ಚಿರುವ ಗ್ಲೇಜ್ ಎಂಬ ಹೊಳಪಿನ ಲೇಪ, ಮೆಗ್ವಾಯರ್ಸ್‌ನ ನಂಬರ್ 7ರಂಥದ್ದು, ದಪ್ಪಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಒರೆಸಿದರೆ ಸತ್ತ ಕೆಂಪಿಗೆ ಜೀವ ಬರುತ್ತದೆ. ಅದರ ಮೇಲೆ ಕಾರ್ನೋಬಾ ಎಂಬ ಗಿಡಮೂಲದ ಮೇಣದ ವ್ಯಾಕ್ಸ್. ವ್ಯಾಕ್ಸ್ ಇದ್ದ ಮೈಗೆ ಧೂಳು ಕಚ್ಚುವುದಿಲ್ಲ, ಮುಂದಿನ ಸಲ ನೀರೂ ಇನ್ನಷ್ಟು ಕಡಿಮೆ ಸಾಕು. ಬಾಗಿಲ ನಡುವಿನ ಏಣುಗಳ ಮೇಲೆ ಬಣ್ಣ ತೀರಾ ತೆಳು, ಅಲ್ಲಿ ಬೆರಳಿನ ಭಾರವೂ ಬೇಡ.

ವಿಜಯನಗರದ ಪದ್ಮಿನಿ

ಹಾಗೆಯೇ ಮಾಡುತ್ತೇನೆ. ಪೊರಕೆಕಡ್ಡಿ ಕೆಲಸ ಮಾಡಿತು, ಎರಡು ತೂತು ತೆರೆದವು. ತುಕ್ಕಿನ ಪುಡಿ ಒಂದು ಚಮಚದಷ್ಟು ಬಿತ್ತು. ಇನ್ನು ಕಿಟಕಿ ಗಾಜಿನ ಬುಡದ ರಬ್ಬರ್ ಬದಲಿಸಬೇಕು. ಪದ್ಮಿನಿಗೆ ಈಗಲೂ ಸಿಗುತ್ತದೆಯೇ?

ಹಾಸನದ ಹಿಂದೂಸ್ತಾನ್

ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ನಮ್ಮ ಅಂಬಾಸಿಡರ್‌ನ ರಬ್ಬರ್ ಎಲ್ಲ ಅಲ್ಲೇ ಸಿಕ್ಕಿದ್ದು.

ಮೈಸೂರು ಅಂಬಿ

ಹಳೆಯ ರಬ್ಬರಿನ ಒಂದು ಗೇಣು ತುಂಡು ಕತ್ತರಿಸಿ ಜೊತೆಗೆ ಒಯ್ಯಿರಿ. ಪದ್ಮಿನಿಯದು ಎಂದು ಬಾಯಿಮಾತಿನಲ್ಲಿ ಕೇಳಿದರೆ ಸುಮಾರಾಗಿ ಹೊಂದುವ ಯಾವುದನ್ನಾದರೂ ಕೊಟ್ಟುಬಿಡುತ್ತಾರೆ. ರಬ್ಬರಿನ ತುಟಿಯ ಆಕಾರ ಹೊಂದಬೇಕು, ಗಾಜಿಗೆ ಒತ್ತಿ ಕೂರಬೇಕು. ಎಡಗಡೆ, ಬಲಗಡೆ ಎರಡರದ್ದೂ ಒಟ್ಟಿಗೆ ತೆಗೆದುಕೊಳ್ಳಿ.